ಮಾತು ಬಿಟ್ಟವರ ಪಟ್ಟಿ

8 ಜೂನ್
(ಮೊಹರನ್ನು ನಂಬಬೇಡ, ಇದು ಮಾರ್ಚ್. ತಿಂಗಳಿನ ಚಕ್ರ ಒಂಬತ್ತು ವರ್ಷದಿಂದ ಜೂನ್‌ನಲ್ಲೇ ಸಿಕ್ಕಿಕೊಂಡಿದೆ.)

ನನ್ನ ಕಚ್ಚುಮರಿಗೆ,

ಫೋನ್ ಮಾಡದೆ ಪತ್ರ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನಾನು ಎರಡು ಮಾತು ಆಡುವುದರೊಳಗೆ ನೀನು "ಅಕ್ಕಾ, ಮೀಟಿಂಗ್ ಇದೆ, ಆಮೇಲೆ ಮಾಡ್ತೀನಿ" ಅನ್ನುತ್ತೀಯ. ಆ ಆಮೇಲೆ ಇನ್ನೂ ಬಂದಿಲ್ಲ. ಪತ್ರವನ್ನಾದರೆ ನಡುವೆ ಕತ್ತರಿಸಲು ಆಗುವುದಿಲ್ಲ. ಮಡಿಚಿಟ್ಟರೂ ಮಾತು ಒಳಗೇ ಕೂತಿರುತ್ತದೆ.

ವಿಷಯಕ್ಕೆ ಬರುತ್ತೇನೆ. ನಿನ್ನ ಕಚೇರಿಯಿಂದ ನಮ್ಮ ಆರೋಗ್ಯ ಕೇಂದ್ರಕ್ಕೆ ಒಂದು ಕಾಗದ ಬಂದಿದೆ. ಮಗುವಿಗೆ ಮೊದಲ ಚುಚ್ಚುಮದ್ದು ಹಾಕಿಸಿ ಎರಡನೆಯದಕ್ಕೆ ನಾಪತ್ತೆಯಾಗುವ ತಾಯಂದಿರಿಗೆ ಫೋನ್ ಮಾಡಿ ನೆನಪಿಸುವ ಹೊಸ ಯೋಜನೆಯಂತೆ. ನಲವತ್ತು ಕೇಂದ್ರಗಳಲ್ಲಿ ಇಪ್ಪತ್ತಕ್ಕೆ ಮಾತ್ರವಂತೆ. ನಮ್ಮದು ಉಳಿದ ಇಪ್ಪತ್ತರಲ್ಲಿದೆ. ಯಾವ ಪುಣ್ಯಾತ್ಮರು ನಮ್ಮನ್ನು ಬಿಟ್ಟರು ಎಂದು ಕಾಗದದ ಕೊನೆಗೆ ನೋಡಿದರೆ, ಸಹಿ ನನ್ನ ಸ್ವಂತ ತಂಗಿಯದು! ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಸುಮ್ಮನೆ ಹೇಳಿಲ್ಲ.

ಇಪ್ಪತ್ತಾರು ವರ್ಷದಿಂದ ಈ ಕಿಟಕಿಯ ಹಿಂದೆ ಕೂತು ಚೀಟಿ ಕೊಡುತ್ತಿದ್ದೇನೆ. ರಿಜಿಸ್ಟರ್ ತೆರೆದರೆ ನೂರು ಮಕ್ಕಳಲ್ಲಿ ನಲವತ್ತು ಮಕ್ಕಳ ಎರಡನೇ ಸಾಲು ಖಾಲಿ. ಒಂದೊಂದು ಖಾಲಿ ಸಾಲೂ ನನ್ನ ಮುಖವನ್ನೇ ನೋಡುತ್ತದೆ. ನಿನ್ನನ್ನು ಚುಚ್ಚುಮದ್ದಿಗೆ ಎತ್ತಿಕೊಂಡು ಹೋದವಳು ನಾನು, ಹದಿಮೂರು ವರ್ಷದವಳು. ಸೂಜಿ ಚುಚ್ಚಿದ್ದು ನರ್ಸು, ನೀನು ಕಚ್ಚಿದ್ದು ನನ್ನ ಕೈ. ಗುರುತು ಇನ್ನೂ ಇದೆ. ಅಷ್ಟಾದರೂ ಎರಡನೆಯದಕ್ಕೂ ಎತ್ತಿಕೊಂಡು ಹೋದೆ. ಅದನ್ನು ನಿನ್ನ ಕಚೇರಿಗೆ ಹೇಳು.

ಸೇತುವೆ ಕೇಂದ್ರದಲ್ಲಿ ಬಿರುಗಾಳಿ ಎಂಬ ಗುಮಾಸ್ತೆ ಇದ್ದಾಳೆ, ಅವಳ ಕೇಂದ್ರವೂ ನಮ್ಮ ಹಾಗೇ ಬಿಟ್ಟುಹೋಗಿದೆ ಎನ್ನುವುದೊಂದೇ ಸಮಾಧಾನ.

ನೀನು ಮನೆಗೆ ಬಂದು ಒಂದೂವರೆ ವರ್ಷವಾಯಿತು. ಅವತ್ತು ಊಟಕ್ಕೆ ಕೂತಾಗ ನಾನು ಅಂದ ಮಾತು... ಇರಲಿ ಬಿಡು. ನಿನ್ನ ಭಾವ ಗೋಡೆ ಗಡಿಯಾರವನ್ನು ಮತ್ತೆ ಬಿಚ್ಚಿ ಹರಡಿದ್ದಾರೆ.

ಕಿಟಕಿಯ ಹಿಂದಿನಿಂದ,
ಅಕ್ಕ

*

21 ಮಾರ್ಚ್

ಅಕ್ಕ,

ನಿನ್ನ ಕೇಂದ್ರವನ್ನು ಬಿಟ್ಟದ್ದು ನಾನಲ್ಲ. ಚೀಟಿ ಎತ್ತಿ ಹಂಚಿದ್ದು, ಎತ್ತಿದ್ದು ಕಂಪ್ಯೂಟರು. ಸಹಿ ಮಾತ್ರ ನನ್ನದು.

ಎರಡು ಮಕ್ಕಳಲ್ಲಿ ಒಂದಕ್ಕೆ ಮಾತ್ರ ಟಾನಿಕ್ ಕೊಟ್ಟು, ಆಮೇಲೆ ಎರಡನ್ನೂ ಗೋಡೆಗೆ ನಿಲ್ಲಿಸಿ ಅಳೆದರೆ ತಾನೇ ಟಾನಿಕ್ ಕೆಲಸ ಮಾಡಿತೋ ಇಲ್ಲವೋ ಗೊತ್ತಾಗುವುದು? ಇಬ್ಬರಿಗೂ ಕೊಟ್ಟರೆ ಬೆಳೆದದ್ದು ಟಾನಿಕ್‌ನಿಂದಲೋ ವಯಸ್ಸಿನಿಂದಲೋ ಹೇಳುವವರು ಯಾರು? ಮೌಲ್ಯಮಾಪನ ಎಂದರೆ ಇಷ್ಟೇ. ನಿಮ್ಮ ಇಪ್ಪತ್ತು ಕೇಂದ್ರಗಳು ನಮ್ಮ ಹೋಲಿಕೆ ಗುಂಪು. ನಿಜ ಹೇಳಬೇಕೆಂದರೆ ನಿಮ್ಮ ಕೆಲಸವೇ ಹೆಚ್ಚು ಮುಖ್ಯ. ಆ ಕೆಲಸ ಏನೆಂದರೆ, ಹೊಸದಾಗಿ ಏನೂ ಮಾಡದೇ ಇರುವುದು. ಎಂಟು ತಿಂಗಳು. ದಯವಿಟ್ಟು.

ಮೌಲ್ಯಮಾಪನ ಮುಗಿಯುವ ತನಕ ನಾನು ಯಾವ ಕೇಂದ್ರದ ಕಡೆಗೂ ತಲೆ ಹಾಕುವಂತಿಲ್ಲ, ನಿಯಮ. ಆದ್ದರಿಂದ ಬರಲಾಗುವುದಿಲ್ಲ. ಭಾವನಿಗೆ ಹೇಳು.

ನಿನ್ನ ತಂಗಿ

*

12 ಜೂನ್
(ಏಪ್ರಿಲ್)

ಕಚ್ಚುಮರಿಗೆ,

ಏನೂ ಮಾಡುತ್ತಿಲ್ಲ. ಬಹಳ ಶ್ರದ್ಧೆಯಿಂದ ಏನೂ ಮಾಡುತ್ತಿಲ್ಲ. ಫೋನನ್ನು ಮುಟ್ಟುವುದೂ ಇಲ್ಲ.

ಇದಕ್ಕೂ ಅದಕ್ಕೂ ಸಂಬಂಧವಿಲ್ಲ, ಔಷಧಿ ಪೆಟ್ಟಿಗೆಯ ರಟ್ಟಿನ ಮೇಲೆ ಬರೆದರೆ ಶಾಯಿ ಹರಡದಂಥ ಪೆನ್ನು ಯಾವುದು? ನೀವು ಕಚೇರಿಯವರಿಗೆ ಗೊತ್ತಿರುತ್ತದೆ.

ಆತುರದಲ್ಲಿ,
ಅಕ್ಕ

*

20 ಏಪ್ರಿಲ್

ಅಕ್ಕ,

ಮೀಟಿಂಗ್‌ಗೆ ಹೊರಟಿದ್ದೇನೆ. ಪೆನ್ನು ಒಂದು ಡಜನ್ ಇದರ ಜೊತೆಗೇ ಇಟ್ಟಿದ್ದೇನೆ. ಕಪ್ಪು ಶಾಯಿ, ನೀರು ಬಿದ್ದರೂ ಹೋಗುವುದಿಲ್ಲ.

ತಂಗಿ

*

3 ಡಿಸೆಂಬರ್

ಅಕ್ಕ,

ಏಪ್ರಿಲ್ ಆದಮೇಲೆ ನಿನ್ನಿಂದ ಪತ್ರವಿಲ್ಲ, ನಾನೂ ಬರೆಯಲಿಲ್ಲ. ಇವತ್ತು ಬೇರೆ ಯಾರಿಗೆ ಹೇಳಿಕೊಳ್ಳಲಿ ಎಂದು ಗೊತ್ತಾಗದೆ ಬರೆಯುತ್ತಿದ್ದೇನೆ.

ಎಂಟು ತಿಂಗಳ ಲೆಕ್ಕ ಬಂತು. ಶುರುವಿನಲ್ಲಿ ಎರಡೂ ಗುಂಪಿನಲ್ಲಿ ಸರಾಸರಿ ನೂರಕ್ಕೆ ಅರವತ್ತು ಮಕ್ಕಳು ಎರಡನೆಯದಕ್ಕೆ ಬರುತ್ತಿದ್ದರು. ಫೋನ್ ಹೋದ ಕೇಂದ್ರಗಳಲ್ಲಿ ಈಗ ಎಪ್ಪತ್ತೆಂಟು. ಕುಣಿದುಬಿಟ್ಟೆ. ಆಮೇಲೆ ಪುಟ ತಿರುಗಿಸಿದೆ. ಏನೂ ಮಾಡದ ಕೇಂದ್ರಗಳಲ್ಲಿ ಎಪ್ಪತ್ತೇಳು. ಒಂದೇ ಒಂದು ಮಗುವಿನ ವ್ಯತ್ಯಾಸ!

ದೊಡ್ಡ ಸಾಹೇಬರು ಕನ್ನಡಕ ಒರೆಸಿಕೊಂಡು ಹೇಳಿದರು: "ನೋಡಮ್ಮ, ಎಲ್ಲ ಕಡೆನೂ ಏರಿದೆ ಅಂದ್ರೆ ಜನ ತಾವಾಗೇ ಜಾಣರಾಗಿದ್ದಾರೆ. ಇನ್ನು ಫೋನ್ ಯಾಕೆ? ನಿಲ್ಲಿಸಿ ಅಂತ ಬರಿ." ಜನವರಿ ಮೂವತ್ತಕ್ಕೆ ಸಮಿತಿ ಸೇರುತ್ತದೆ. ಅವತ್ತು ಯೋಜನೆಗೆ ಬೀಗ. ಜನ ಎಂಟು ತಿಂಗಳಲ್ಲಿ ತಾವಾಗೇ ಜಾಣರಾಗುವುದನ್ನು ನಾನಂತೂ ಎಲ್ಲೂ ಕಂಡಿಲ್ಲ. ಎಲ್ಲೋ ಏನೋ ತಪ್ಪಿದೆ, ಎಲ್ಲಿ ಎಂದು ಕಾಣುತ್ತಿಲ್ಲ. ಒಂದು ಕೇಂದ್ರದ ಕಾಗದಗಳಲ್ಲಂತೂ ಎಲ್ಲ ಮೊಹರೂ ತಿಂಗಳ ಹದಿನಾಲ್ಕನೇ ತಾರೀಖೇ!

ಅವತ್ತು ಊಟಕ್ಕೆ ಕೂತಾಗ ನೀನು ಕೇಳಿದೆ: "ಇಷ್ಟು ವರ್ಷ ವರದಿ ಬರೆದೆಯಲ್ಲ, ಒಂದನ್ನಾದರೂ ಯಾರಾದರೂ ಓದಿದ್ದಾರೇನೇ?" ನಾನು ತಟ್ಟೆ ಬಿಟ್ಟು ಎದ್ದೆ. ಕೋಪ ಬಂದದ್ದು ನೀನು ಕೇಳಿದ್ದಕ್ಕಲ್ಲ, ಉತ್ತರ ಇಲ್ಲದ್ದಕ್ಕೆ. ನನ್ನ ಹನ್ನೊಂದು ವರದಿಗಳು ಬೀರುವಿನಲ್ಲಿವೆ. ಬೀರುವಿನ ಕೀಲಿ ಕಳೆದು ಎರಡು ವರ್ಷವಾಯಿತು, ಯಾರೂ ಹುಡುಕಿಲ್ಲ. ಈಗ ಹನ್ನೆರಡನೆಯದನ್ನು ಓದುತ್ತಾರಂತೆ, ಅದೂ ಒಂದು ಒಳ್ಳೆಯ ಕೆಲಸದ ಕುತ್ತಿಗೆ ಹಿಸುಕುವುದಕ್ಕೆ.

ತಂಗಿ

*

9 ಜೂನ್
(ಡಿಸೆಂಬರ್, ಚಳಿಗೆ ಕೈ ಮರಗಟ್ಟಿದೆ)

ಕಚ್ಚುಮರಿಗೆ,

ಅಳಬೇಡ. ಸಂತೋಷದ ಸುದ್ದಿ ಕೇಳು. ಆ ಎಪ್ಪತ್ತೇಳು ತಾನಾಗಿ ಆದದ್ದಲ್ಲ. ನಾವು ಮಾಡಿದ್ದು!

ನಿನ್ನ ಮಾತಿನಂತೆ ನಾನು ಫೋನ್ ಮುಟ್ಟಲಿಲ್ಲ. ಕಾರ್ಡು ಬರೆದೆ. ಔಷಧಿ ಪೆಟ್ಟಿಗೆ ಕತ್ತರಿಸಿ, ನಿನ್ನ ಪೆನ್ನಿನಲ್ಲಿ. (ಚಿನ್ನದಂಥ ಪೆನ್ನು. ಒಂದು ಕಾರ್ಡಿನ ಮೇಲೆ ಮಗು ಉಚ್ಚೆ ಹೊಯ್ದರೂ ಅಕ್ಷರ ಅಲುಗಲಿಲ್ಲವಂತೆ.) ಬರೆದದ್ದು ಇಷ್ಟೇ: "ರಿಜಿಸ್ಟರಿನಲ್ಲಿ ನಿಮ್ಮ ಮಗುವಿನ ಸಾಲು ಖಾಲಿ ಇದೆ. ನನಗೆ ನೋಡಲು ಆಗುತ್ತಿಲ್ಲ. ಬನ್ನಿ, ಕಿಟಕಿಯಲ್ಲೇ ಇರುತ್ತೇನೆ." ಅಂಚೆಗೆ ಹಾಕಿದರೆ ಬಿಲ್ಲು ಎಂದುಕೊಂಡು ಬಿಸಾಡುತ್ತಾರೆ. ಅದಕ್ಕೇ ಅದೇ ಬೀದಿಯಿಂದ ಬಂದ ತಾಯಿಯ ಕೈಗೆ ಕೊಟ್ಟು ಕಳಿಸುತ್ತಿದ್ದೆ. ಪಕ್ಕದ ಮನೆಯವಳು ಬಾಗಿಲಲ್ಲಿ ನಿಂತು "ನಿಂದು ಖಾಲಿ ಇದೆಯಂತಲ್ಲೇ" ಅಂದರೆ ಮರುದಿನವೇ ಮಗುವನ್ನು ಎತ್ತಿಕೊಂಡು ಓಡಿಬರುತ್ತಾರೆ.

ಒಳ್ಳೆಯದನ್ನು ಒಬ್ಬಳೇ ಇಟ್ಟುಕೊಳ್ಳುವ ಬುದ್ಧಿ ನನಗಿಲ್ಲ. ಕಂಪ್ಯೂಟರು ಕೈಬಿಟ್ಟ ಉಳಿದ ಕೇಂದ್ರದವರಿಗೂ ಹೇಳಿಕೊಟ್ಟೆ. ನೀನು ನಮಗೆ ಟಾನಿಕ್ ಕೊಡಲಿಲ್ಲ, ನಾವೇ ಕುದಿಸಿ ಕುಡಿದೆವು. ನಿನ್ನ ಸಾಹೇಬರಿಗೆ ಹೇಳು, ಬೆನ್ನು ತಟ್ಟಲಿ.

ಹೆಮ್ಮೆಯಿಂದ,
ಅಕ್ಕ

*

13 ಡಿಸೆಂಬರ್

ಅಕ್ಕ!

ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತು ಎನ್ನುವುದನ್ನು ಪುಸ್ತಕದಲ್ಲಿ ಓದಿದ್ದೆ, ಒಡಹುಟ್ಟಿದವಳಲ್ಲಿ ಕಂಡೆ. ಟಾನಿಕ್ ಕುಡಿಯದ ಮಗು ಎಂದು ನಂಬಿ ಎಂಟು ತಿಂಗಳು ಗೋಡೆಗೆ ಗೀಟು ಎಳೆದೆನಲ್ಲ! ನೀನು ಒಳ್ಳೆಯದು ಮಾಡಿದ್ದರಿಂದಲೇ ಫೋನ್ ಯೋಜನೆ ಸಾಯುತ್ತಿದೆ. ಅದು ನಿಂತರೆ ಅಲ್ಲಿ ವರ್ಷಕ್ಕೆ ಸಾವಿರಾರು ಸಾಲು ಮತ್ತೆ ಖಾಲಿ. ನಿನ್ನ ರಿಜಿಸ್ಟರ್ ತುಂಬಿತು, ಬೇರೆಯವರದು ಬರಿದಾಗುತ್ತದೆ.

ದೊಡ್ಡ ಸಾಹೇಬರಿಗೆ ಹೇಳಿದೆ. ಅವರು ಬಾಗಿಲು ಹಾಕಿಕೊಂಡು ಬಂದು, "ಯಾರ ಹತ್ರನೂ ಬಾಯಿ ಬಿಡಬೇಡ. ನಿಯಮ ಮುರಿದವಳು ಮೌಲ್ಯಮಾಪಕಿಯ ಅಕ್ಕ, ಪೆನ್ನು ಕೊಟ್ಟವಳು ಮೌಲ್ಯಮಾಪಕಿ. ಇದನ್ನ ಹೇಳ್ಕೊಂಡು ನಗಿಸ್ಕೋಬೇಕಾ?" ಅಂದರು.

ನಾನು ಬಾಯಿ ಬಿಡುತ್ತೇನೆ ಅಕ್ಕ. ಆದರೆ ಕೈಯಲ್ಲಿ ಏನಾದರೂ ಇರಬೇಕು. ಒಂದೇ ಪ್ರಶ್ನೆ, ನೆಟ್ಟಗೆ ಉತ್ತರಿಸು: ಇಪ್ಪತ್ತೂ ಕೇಂದ್ರಗಳಿಗೆ ಹೇಳಿಕೊಟ್ಟೆಯಾ? ಒಂದಾದರೂ ಬಿಟ್ಟುಹೋಗಿದೆಯಾ?

ತಂಗಿ (ಇನ್ನೂ)

*

19 ಜೂನ್
(ಡಿಸೆಂಬರ್)

ಕಚ್ಚುಮರಿಗೆ,

ಬೈದದ್ದು ಸಾಕು. ಒಂಬತ್ತು ತಿಂಗಳಿನಲ್ಲಿ ನೀನು ಬರೆದ ಪತ್ರಗಳಲ್ಲಿ ಇದೇ ಖಾರದ್ದು ಮತ್ತು ಇದೇ ಪ್ರೀತಿಯದು. ನಿನ್ನ ಭಾವನಿಗೆ ಎರಡು ಸಲ ಓದಿ ಹೇಳಿದೆ.

ಇಪ್ಪತ್ತಕ್ಕೂ ಹೇಳಲಿಲ್ಲ. ನಮ್ಮದೂ ಸೇರಿ ಹದಿಮೂರು ಕಡೆ ಕಾರ್ಡು ಹೋಯಿತು. ಉಳಿದ ಏಳು ಕೇಂದ್ರಗಳ ಗುಮಾಸ್ತೆಯರ ಜೊತೆ ನಾನು ಮಾತು ಬಿಟ್ಟಿದ್ದೇನೆ.

ಕಥೆ ನಿನಗೆ ಗೊತ್ತಿಲ್ಲ. ಬಿರುಗಾಳಿ ಮತ್ತು ನಾನು ಒಂದೇ ಕಿಟಕಿಯಲ್ಲಿ ಕೂರುತ್ತಿದ್ದೆವು. ಬಾಗಿಲು ತೆಗೆದರೆ ಮೇಜಿನ ಕಾಗದವೆಲ್ಲ ಹಾರುವ ಹಾಗೆ ಬರುತ್ತಿದ್ದಳು, ಅದಕ್ಕೇ ಆ ಹೆಸರು. ಇಬ್ಬರಿಗೂ ಸೇರಿ ಎರಡು ತಾರೀಖಿನ ಮೊಹರು. ವರ್ಗವಾಗಿ ಹೋಗುವ ದಿನ ಅವಳು ಒಳ್ಳೆಯದನ್ನು ಚೀಲಕ್ಕೆ ಹಾಕಿಕೊಂಡು, ತಿಂಗಳು ತಿರುಗದ ಇದನ್ನು ನನಗೆ ಬಿಟ್ಟು ಹೋದಳು. ಬೇರೆಯವರು ಕೇಳಿದರೆ "ಅವಳೇ ಒಳ್ಳೇದು ಇಟ್ಕೊಂಡಿದಾಳೆ" ಅಂದಳಂತೆ! ಎಂಥ ಎದೆಗಾರಿಕೆ ನೋಡು. ಆರು ಜನ ಅವಳ ಕಡೆ ಮಾತಾಡಿದರು. ಅವರನ್ನೂ ಬಿಟ್ಟೆ. ಪಟ್ಟಿ ಕೆಳಗಿದೆ.

ಮಾತು ಬಿಟ್ಟವರು:
1. ಬಿರುಗಾಳಿ, ಸೇತುವೆ ಕೇಂದ್ರ. ಒಂಬತ್ತು ವರ್ಷ.
2. ಮಾರುಕಟ್ಟೆ ಕೇಂದ್ರದ ದಪ್ಪ ಕನ್ನಡಕ. ಒಂಬತ್ತು ವರ್ಷ.
3, 4. ರೈಲುಹಳಿಯ ಆಚೆಯ ಎರಡು ಕೇಂದ್ರಗಳ ಅವಳಿ ಅಕ್ಕತಂಗಿಯರು. ಒಬ್ಬಳ ಜೊತೆ ಮಾತ್ರ ಜಗಳ. ಯಾರ ಜೊತೆ ಎಂದು ಗುರುತು ಹತ್ತದೆ ಇಬ್ಬರನ್ನೂ ಬಿಟ್ಟೆ.
5. ನೀರಿನ ಟ್ಯಾಂಕಿನ ಹತ್ತಿರದವಳು. ಎಂಟು ವರ್ಷ.
6, 7. ಗುಡ್ಡದ ಮೇಲಿನ ಎರಡು ಕೇಂದ್ರ. ಇವರು ನನ್ನನ್ನು ಬಿಟ್ಟದ್ದು, ನಾನಲ್ಲ.
8. ನನ್ನ ತಂಗಿ. ಆದರೆ ಈಚೆಗೆ ಪತ್ರ ಬರೆಯುತ್ತಾಳೆ. ಲೆಕ್ಕಕ್ಕೆ ತೆಗೆದುಕೊಳ್ಳಬೇಕೋ ಬೇಡವೋ ನೀನೇ ಹೇಳು.

ಅಕ್ಕ

*

2 ಜನವರಿ

ಅಕ್ಕ,

ನಿನ್ನ ಜಗಳಗಂಟಿತನಕ್ಕೆ ದೊಡ್ಡ ನಮಸ್ಕಾರ.

ಹೋಲಿಕೆ ಗುಂಪನ್ನು ನಿನ್ನ ಪಟ್ಟಿ ಇಟ್ಟುಕೊಂಡು ಎರಡು ಭಾಗ ಮಾಡಿದೆ. ಕಾರ್ಡು ಹೋದ ಹದಿಮೂರು ಕೇಂದ್ರಗಳಲ್ಲಿ ನೂರಕ್ಕೆ ಎಂಬತ್ತಾರು. ನೀನು ಮಾತು ಬಿಟ್ಟ ಏಳರಲ್ಲಿ ಅರವತ್ತು, ಶುರುವಿನಲ್ಲಿ ಗುಂಪಿನ ಸರಾಸರಿ ಎಷ್ಟಿತ್ತೋ ಅಷ್ಟೇ! ಎರಡನ್ನೂ ಕಲಸಿದ್ದರಿಂದ ಎಪ್ಪತ್ತೇಳು ಬಂದಿತ್ತು. ನಾನು ಕುರ್ಚಿಯಿಂದ ಎದ್ದೇ ನಿಂತೆ. ಜನ ತಾವಾಗೇ ಜಾಣರಾಗಲಿಲ್ಲ ಅಕ್ಕ. ಯಾರಾದರೂ ಕರೆದರೆ ಬರುತ್ತಾರೆ, ಕರೆಯದಿದ್ದರೆ ಇಲ್ಲ. ನೀನು ಒಳ್ಳೆಯವಳಾಗಿದ್ದು ಎಲ್ಲರ ಜೊತೆಗೂ ಮಾತಾಡಿಕೊಂಡಿದ್ದರೆ ಇದು ಎಂದಿಗೂ ಗೊತ್ತಾಗುತ್ತಿರಲಿಲ್ಲ.

ಆದರೆ ಒಂದು ತೊಡಕಿದೆ. ಸಮಿತಿಯಲ್ಲಿ ಒಬ್ಬರು ಲೆಕ್ಕದ ಮೇಷ್ಟ್ರು ಇದ್ದಾರೆ. ಮೊದಲೇ ತೋರಿಸಿದೆ. ಅವರು ಪಟ್ಟಿ ಓದಿ, ಗಡ್ಡ ಕೆರೆದುಕೊಂಡು ಕೇಳಿದರು: "ಇದು ಚೀಟಿ ಎತ್ತಿ ಆದ ಗುಂಪಲ್ಲ, ಜಗಳ ಆಡಿ ಆದ ಗುಂಪು. ನಿಮ್ಮಕ್ಕನ ಹತ್ರ ಜಗಳ ಆಡೋರೆಲ್ಲ ಮೊದಲಿಂದ್ಲೂ ಸೋಮಾರಿಗಳೇ ಆಗಿದ್ರೆ?" ಈ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಎಲ್ಲ ನೀರಿನಲ್ಲಿ ಹೋಮ.

ಆ ಏಳು ಕೇಂದ್ರಗಳ ಹಿಂದಿನ ಮೂರು ವರ್ಷದ ರಿಜಿಸ್ಟರ್ ಬೇಕು. ನಮ್ಮ ಕಚೇರಿ ಕೇಳಿದರೆ ಕಾಗದ ಹೋಗಿ ಬರಲು ಮೂರು ತಿಂಗಳು. ಸಮಿತಿ ಸೇರಲು ಉಳಿದಿರುವುದು ನಾಲ್ಕು ವಾರ. ಉಳಿದ ಆರು ಜನ ಯಾರ ಮಾತು ಕೇಳುತ್ತಾರೋ ಅವಳು ಸೇತುವೆ ಕೇಂದ್ರದಲ್ಲಿದ್ದಾಳೆ. ಜೊತೆಗೆ, ಆ ಏಳು ಜನ ಕೆಲಸದಲ್ಲಿ ನಿನಗೆ ಕಡಿಮೆಯಿಲ್ಲ ಎಂದು ನೀನು ಸಹಿ ಹಾಕಿ ಬರೆದುಕೊಡಬೇಕು.

ನಾನು ಏನು ಕೇಳುತ್ತಿದ್ದೇನೆ ಎಂದು ನನಗೆ ಗೊತ್ತು.

ತಂಗಿ

*

6 ಜೂನ್
(ಜನವರಿ)

ಸಾಧ್ಯವಿಲ್ಲ.

ಅವಳು ಸೋಮಾರಿಯೇ. ಹಾಗೆಂದೇ ಬರೆದುಕೊಡುತ್ತೇನೆ, ಸಹಿ ಹಾಕುತ್ತೇನೆ, ಬೇಕಾದರೆ ಮೊಹರನ್ನೂ ಒತ್ತುತ್ತೇನೆ.

ಅಕ್ಕ

*

17 ಜೂನ್
(ಜನವರಿ)

ಕಚ್ಚುಮರಿಗೆ,

ಹತ್ತು ದಿನ ನಿದ್ದೆ ಬರಲಿಲ್ಲ. ನಿನ್ನ ಭಾವ, ಬಾಯಲ್ಲಿ ಸ್ಕ್ರೂ ಇಟ್ಟುಕೊಂಡೇ, "ನಿನ್ನ ರಿಜಿಸ್ಟರಲ್ಲಿ ಖಾಲಿ ಸಾಲು ನೋಡೋಕಾಗಲ್ಲ ಅಂತೀಯ. ಬೇರೆಯವರ ರಿಜಿಸ್ಟರಲ್ಲಿ ಆದ್ರೆ ಆಗುತ್ತಾ?" ಅಂದರು. ವರ್ಷಕ್ಕೆ ಒಂದು ಮಾತಾಡುವ ಮನುಷ್ಯ, ಆ ಒಂದನ್ನು ಇಂಥ ಹೊತ್ತಿಗೆ ಉಳಿಸಿಟ್ಟುಕೊಂಡಿರುತ್ತಾರೆ.

ನಿನ್ನೆ ರಜೆ ಹಾಕಿ ಸೇತುವೆ ಕೇಂದ್ರಕ್ಕೆ ಹೋದೆ. ಸಾಲಿನಲ್ಲಿ ನಿಂತೆ. ಎಲ್ಲ ಕಂಕುಳಲ್ಲೂ ಮಗು, ನನ್ನ ಕಂಕುಳಲ್ಲಿ ಕೈಚೀಲ. ಕಿಟಕಿಯ ಹತ್ತಿರ ಬಂದಾಗ ಬಿರುಗಾಳಿ ತಲೆ ಎತ್ತದೆ ಕೇಳಿದಳು.

"ಮಗು ಹೆಸರು?"

"ಮಗು ಇಲ್ಲ."

ತಲೆ ಎತ್ತಿದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನದೂ ಹಾಗೇ ಕಂಡಿರಬೇಕು.

"ಮಗು ಇಲ್ದೆ ಚೀಟಿ ಕೊಡಲ್ಲ" ಅಂದಳು.

"ಚೀಟಿ ಬೇಡ. ರಿಜಿಸ್ಟರ್ ಬೇಕು. ಮೂರು ವರ್ಷದ್ದು."

"ಯಾಕೆ?"

"ನೀನು ಸೋಮಾರಿ ಅಲ್ಲ ಅಂತ ತೋರಿಸೋಕೆ."

ಅವಳು ಪಕ್ಕದ ಬಾಗಿಲು ತೆಗೆದು, "ಒಳಗೆ ಬಾ, ಸಾಲು ನಿಲ್ಸಿದೀಯ" ಅಂದಳು.

ರಿಜಿಸ್ಟರ್ ನೋಡಿದೆ. ಒಂದು ಗೀಚು ಇಲ್ಲ, ತಿದ್ದಿದ್ದು ಇಲ್ಲ. ಕಾರ್ಡು ಶುರುವಾಗುವ ಮೊದಲಿನ ಮೂರು ವರ್ಷವೂ ಅವಳ ಲೆಕ್ಕ ನನಗಿಂತ ನೂರಕ್ಕೆ ಎರಡು ಮಗು ಹೆಚ್ಚು. ಎರಡು! ಹೊಟ್ಟೆ ಉರಿಯಿತು ಎಂದು ಬೇರೆ ಹೇಳಬೇಕಾಗಿಲ್ಲ. ಆಮೇಲೆ ಅವಳು ಕಾಗದಕ್ಕೆ ಮೊಹರು ಒತ್ತಿದಳು. ನೋಡುತ್ತೇನೆ, ತಾರೀಖು ಹದಿನಾಲ್ಕು. "ಇವತ್ತು ಹದಿನಾರಲ್ವೇನೇ?" ಅಂದೆ. "ಈ ದರಿದ್ರದ್ದು ಹದಿನಾಲ್ಕು ಬಿಟ್ಟು ಕದಲಲ್ಲ. ತಿಂಗಳು ತಿರುಗುತ್ತೆ, ದಿನ ತಿರುಗಲ್ಲ. ಒಳ್ಳೇದನ್ನ ನೀನು ಇಟ್ಕೊಂಡೆಯಲ್ಲ" ಅಂದಳು. ನನ್ನ ಚೀಲದಿಂದ ನನ್ನದನ್ನು ತೆಗೆದು ಅದರ ಪಕ್ಕಕ್ಕೆ ಒತ್ತಿ ತೋರಿಸಿದೆ. ಹದಿನಾರು ಜೂನ್.

ಒಂಬತ್ತು ವರ್ಷ ಕಚ್ಚುಮರಿ! ಇಬ್ಬರಿಗೂ ಬಂದದ್ದು ಕೆಟ್ಟದ್ದೇ. ಇಬ್ಬರೂ ನಕ್ಕೆವು, ಆಮೇಲೆ ಅವಳು ಅತ್ತಳು. ನಾನು ಅಳಲಿಲ್ಲ ಎಂದು ಬರೆಯಬೇಕೆಂದಿದ್ದೆ, ಆದರೆ ನಿನ್ನ ಹತ್ತಿರ ಯಾಕೆ ಸುಳ್ಳು? ಉಳಿದ ಆರು ಜನಕ್ಕೂ ಅವಳೇ ಫೋನ್ ಮಾಡಿ ರಾತ್ರಿಯೊಳಗೆ ಪ್ರತಿ ತರಿಸಿದಳು. ಎಲ್ಲ ರಿಜಿಸ್ಟರುಗಳ ಪ್ರತಿ ಇದರ ಜೊತೆಗಿದೆ. ನನ್ನ ಹೇಳಿಕೆಯೂ ಇದೆ.

"ಸೇತುವೆ ಕೇಂದ್ರದ ಗುಮಾಸ್ತೆಯೂ ಉಳಿದ ಆರು ಜನರೂ ಕೆಲಸದಲ್ಲಿ ನನಗಿಂತ ಒಂದು ಕೂದಲೆಳೆಯಷ್ಟೂ ಕಡಿಮೆಯಿಲ್ಲ. ಅವರು ನನ್ನೊಡನೆ ಜಗಳವಾಡಿದ್ದು ಕೆಲಸದ ದೋಷದಿಂದಲ್ಲ, ನನ್ನ ಬಾಯಿಯ ದೋಷದಿಂದ."

ಕೊನೆಯ ಮಾತನ್ನು ಬರೆಯುವಾಗ ನಿನ್ನ ಪೆನ್ನು ಎರಡು ಸಲ ನಿಂತಿತು. ಪೆನ್ನಿನ ತಪ್ಪಲ್ಲ.

ಅಕ್ಕ

*

31 ಜನವರಿ

ಅಕ್ಕ,

ನಿನ್ನೆ ಸಮಿತಿ ಮುಗಿಯಿತು. ಮೊದಲು ಊಟ ಮಾಡಿದೆ, ಆಮೇಲೆ ಹತ್ತು ಗಂಟೆ ನಿದ್ದೆ, ಈಗ ಪತ್ರ.

ಕಾರ್ಯದರ್ಶಿಯಮ್ಮ ನನ್ನ ನೂರ ನಲವತ್ತು ಪುಟವನ್ನು ಕೈಯಲ್ಲಿ ತೂಗಿ ನೋಡಿ ಪಕ್ಕಕ್ಕಿಟ್ಟರು. "ಒಂದು ಸಾಲಲ್ಲಿ ಹೇಳಿ" ಅಂದರು.

"ಫೋನಲ್ಲಿ ಕರೆದ್ರೆ ಜನ ಬರ್ತಾರೆ ಮೇಡಂ, ಗೊತ್ತಿರೋರು ಕರೆದ್ರೆ ಇನ್ನೂ ಹೆಚ್ಚು ಬರ್ತಾರೆ, ಯಾರೂ ಕರೀದಿದ್ರೆ ಬರಲ್ಲ."

"ಇದು ನಮ್ಮಜ್ಜಿಗೂ ಗೊತ್ತಿತ್ತಲ್ರೀ!"

"ಅಜ್ಜಿನ ಸಮಿತಿಗೆ ಹಾಕಿರ್ಲಿಲ್ಲ ಮೇಡಂ."

ದೊಡ್ಡ ಸಾಹೇಬರು ಕಣ್ಣು ಮುಚ್ಚಿಕೊಂಡರು. ಅಲ್ಲಿಂದ ಮುಂದೆ ಎಲ್ಲವನ್ನೂ ಹೇಳಿದೆ. ಅಕ್ಕ ಎಂದೆ, ಕಾರ್ಡು ಎಂದೆ, ಪೆನ್ನು ನನ್ನದು ಎಂದೆ. ಎಲ್ಲರಿಗೂ ನಗು ಬಂತು, ನಗಲಿ ಎಂದು ಕಾದೆ. ಲೆಕ್ಕದ ಮೇಷ್ಟ್ರು ಅದೇ ಪ್ರಶ್ನೆ ಎತ್ತಿದರು. ರಿಜಿಸ್ಟರುಗಳ ಪ್ರತಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ನಿನ್ನ ಹೇಳಿಕೆಯನ್ನು ಓದಿದೆ. "ನನ್ನ ಬಾಯಿಯ ದೋಷದಿಂದ" ಎನ್ನುವುದನ್ನು ಎರಡು ಸಲ ಓದಿದೆ. ಮೇಷ್ಟ್ರು ಎರಡು ನಿಮಿಷ ಅಂಕಿಗಳನ್ನೇ ನೋಡಿ, "ನಲವತ್ತು ವರ್ಷದಿಂದ ಪಾಠ ಮಾಡ್ತಿದೀನಿ. ಜಗಳ ಇಷ್ಟು ಉಪಯೋಗಕ್ಕೆ ಬಂದಿದ್ದು ಇದೇ ಮೊದಲು. ಒಪ್ಪಿದೆ" ಅಂದರು.

ಫೋನ್ ನಿಲ್ಲುವುದಿಲ್ಲ. ಕಾರ್ಡು ನಲವತ್ತೂ ಕೇಂದ್ರಗಳಿಗೆ ಹೋಗುತ್ತದೆ. ನನ್ನ ಹನ್ನೆರಡನೇ ವರದಿಯನ್ನು ಯಾರೂ ಪೂರ್ತಿ ಓದಲಿಲ್ಲ ಅಕ್ಕ, ಆದರೆ ಕೇಳಿದರು.

ನಿನ್ನ ತಂಗಿ

*

20 ಜೂನ್
(ಮಾರ್ಚ್)

ಕಚ್ಚುಮರಿಗೆ,

ಇಲಾಖೆಯಿಂದ ಒಂದೇ ಲಕೋಟೆಯಲ್ಲಿ ಎರಡು ಕಾಗದ ಬಂದವು. ಮೊದಲನೆಯದು, ಅನುಮತಿಯಿಲ್ಲದೆ ಕಾರ್ಡು ಬರೆದದ್ದಕ್ಕೆ ನನ್ನ ಮೇಲೆ ಯಾಕೆ ಕ್ರಮ ಕೈಗೊಳ್ಳಬಾರದು ಎಂದು ಕೇಳುವ ನೋಟಿಸು. ಎರಡನೆಯದು, ಕಾರ್ಡು ಬರೆಯುವುದು ಹೇಗೆಂದು ಎಲ್ಲರಿಗೂ ನಾನು ತರಬೇತಿ ಕೊಡಬೇಕೆಂಬ ಆದೇಶ. ಮೊದಲನೆಯದಕ್ಕೆ ಉತ್ತರವಾಗಿ ಎರಡನೆಯದರ ಪ್ರತಿ ಕಳಿಸಿದ್ದೇನೆ, ಎರಡನೆಯದಕ್ಕೆ ಉತ್ತರವಾಗಿ ಮೊದಲನೆಯದರ ಪ್ರತಿ. ಬಿರುಗಾಳಿಯ ಉಪಾಯ.

ಅದಿರಲಿ. ಸುತ್ತೋಲೆಯ ಕರಡಿನಲ್ಲಿ ನನ್ನ ಕಾರ್ಡಿಗೆ ಏನು ಗತಿಯಾಗಿದೆ ಗೊತ್ತೇ? "ಸದರಿ ಫಲಾನುಭವಿ ಶಿಶುವಿನ ಪೋಷಕರು ನಿಗದಿತ ಅವಧಿಯೊಳಗಾಗಿ ಖುದ್ದು ಹಾಜರಾಗತಕ್ಕದ್ದು. ತಪ್ಪಿದಲ್ಲಿ ಸದರಿಯವರೇ ಹೊಣೆಗಾರರಾಗಿರತಕ್ಕದ್ದು." ಇದನ್ನು ಓದಿದ ತಾಯಿ ಮಗುವನ್ನು ಎತ್ತಿಕೊಂಡು ವಕೀಲರ ಹತ್ತಿರ ಓಡುತ್ತಾಳೆ, ನನ್ನ ಹತ್ತಿರ ಅಲ್ಲ. ಇದೇನಾ ನಾವು ಗೆದ್ದದ್ದು? ಏನಾದರೂ ಮಾಡು.

ಅಕ್ಕ

*

15 ಏಪ್ರಿಲ್

ಅಕ್ಕ,

ನಾಲ್ಕು ವಾರ ಹೊಡೆದಾಡಿದೆ. ಕಾನೂನು ವಿಭಾಗದವರು ನಿನ್ನ "ನನಗೆ ನೋಡಲು ಆಗುತ್ತಿಲ್ಲ" ಎಂಬ ಮಾತಿಗೆ, ನೌಕರರ ದೃಷ್ಟಿದೋಷಕ್ಕೆ ಇಲಾಖೆ ಹೊಣೆಯಾಗುವುದಿಲ್ಲ ಎಂದು ಟಿಪ್ಪಣಿ ಬರೆದರು. ಮುದ್ರಣದವರು ಇಲಾಖೆಯ ಚಿಹ್ನೆ ಇನ್ನೂ ದೊಡ್ಡದಾಗಿರಬೇಕು ಎಂದರು. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ನಾನು.

ಕೊನೆಗೆ ಸದರಿಯವರನ್ನು ಓಡಿಸಿದೆ. ಕಾರ್ಡನ್ನು ಅದೇ ಬೀದಿಯವರ ಕೈಯಲ್ಲೇ ಕಳಿಸಬೇಕು ಎಂಬುದನ್ನು ಸೇರಿಸಿದೆ. ನಿನ್ನ ಮಾತನ್ನು ಅಚ್ಚು ಹಾಕಲು ಮಾತ್ರ ಯಾರೂ ಒಪ್ಪಲಿಲ್ಲ. ಅದಕ್ಕೆ ಬೇರೆ ದಾರಿ ಹಿಡಿದೆ. ಕಾರ್ಡಿನ ಕೆಳಗೆ ಎರಡು ಗೆರೆ ಎಳೆದು, "ಇಲ್ಲಿ ಗುಮಾಸ್ತರು ತಮ್ಮ ಕೈಬರಹದಲ್ಲಿ ತಮಗೆ ತೋಚಿದ್ದನ್ನು ಬರೆಯುವುದು" ಎಂದು ಹಾಕಿಸಿದೆ. ಖಾಲಿ ಜಾಗಕ್ಕೆ ಆಕ್ಷೇಪಣೆ ಹೇಗೆ ಬರೆಯುವುದು ಎಂದು ಯಾವ ವಿಭಾಗಕ್ಕೂ ಗೊತ್ತಾಗಲಿಲ್ಲ. ಸಹಿ ಬಿತ್ತು.

ಹದಿನಾಲ್ಕು ವರ್ಷದ ನೌಕರಿಯಲ್ಲಿ ನಾನು ಸರ್ಕಾರದಿಂದ ಗೆದ್ದದ್ದು ಎರಡು ಖಾಲಿ ಸಾಲು. ನನಗೆ ಬಹಳ ಸಂತೋಷವಾಗಿದೆ ಅಕ್ಕ.

ನಿನ್ನ ಪಟ್ಟಿಯ ಎಂಟನೆಯವಳ ವಿಷಯ. ಮೌಲ್ಯಮಾಪನದ ನಿಯಮ ನವೆಂಬರಿಗೇ ಮುಗಿಯಿತು. ಆಮೇಲೂ ಬಾರದೇ ಇದ್ದದ್ದಕ್ಕೆ ಯಾವ ನಿಯಮವೂ ಇರಲಿಲ್ಲ. ಬರುತ್ತೇನೆ, ಖಂಡಿತ. ಇದೊಂದು ಮೀಟಿಂಗ್ ಮುಗಿಯಲಿ.

ನಿನ್ನ ತಂಗಿ

*

ಆರೋಗ್ಯ ಇಲಾಖೆ
ನೆನಪಿನ ಕಾರ್ಡು, ನಮೂನೆ ಒಂದು

ತಾರೀಖು: 28 ಮೇ
(ಮೊಹರನ್ನು ನಂಬು. ನಿನ್ನ ಭಾವ ಎರಡನ್ನೂ ಬಿಚ್ಚಿ ಒಂದು ಮಾಡಿದ್ದಾರೆ. ಒಂದು ವಾರ ನನ್ನಲ್ಲಿ, ಒಂದು ವಾರ ಸೇತುವೆ ಕೇಂದ್ರದಲ್ಲಿ.)

ಹೆಸರು: ಕಚ್ಚುಮರಿ

ವಯಸ್ಸು: ಬುದ್ಧಿ ಬರುವಷ್ಟು

ಕೊನೆಯ ಸಲ ಬಂದದ್ದು: ಎರಡು ವರ್ಷ ಎಂಟು ತಿಂಗಳ ಹಿಂದೆ, ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದ ದಿನ

ಕಾರ್ಡು ತಲುಪಿಸುವವರು: ಬಿರುಗಾಳಿ. ನಿಮ್ಮ ಬೀದಿಯಲ್ಲೇ ಅವಳ ಮಗಳ ಮನೆ. ಉತ್ತರ ಸಿಗದೆ ಬಾಗಿಲು ಬಿಟ್ಟು ಕದಲುವವಳಲ್ಲ, ಅವಳ ಹಟವನ್ನು ನಾನು ಒಂಬತ್ತು ವರ್ಷ ನೋಡಿದ್ದೇನೆ.

ಇಲ್ಲಿ ಗುಮಾಸ್ತರು ತಮ್ಮ ಕೈಬರಹದಲ್ಲಿ ತಮಗೆ ತೋಚಿದ್ದನ್ನು ಬರೆಯುವುದು:

ನಿನ್ನ ವರದಿ ಯಾರಾದರೂ ಓದಿದ್ದಾರಾ ಎಂದು ಕೇಳಿದ್ದೆ, ಅದರಿಂದ ಹುಟ್ಟಿದ ಕಾರ್ಡನ್ನು ಈಗ ಕೈಯಲ್ಲಿ ಹಿಡಿದು ಅದರ ಮೇಲೇ ಬರೆಯುತ್ತಿದ್ದೇನೆ.
ನಿನ್ನ ಸಾಲು ಖಾಲಿ ಇದೆ, ನನಗೆ ನೋಡಲು ಆಗುತ್ತಿಲ್ಲ. ಬಾ, ಕೈ ಕೊಡುತ್ತೇನೆ, ಬೇಕಾದರೆ ಇನ್ನೊಂದು ಸಲ ಕಚ್ಚು.

ಸಹಿ: ಅಕ್ಕ